ಬ್ಯಾಗ್‌ಪೈಪ್ ಕಲಿಕೆ: ಪುಸ್ತಕ ನೋಡಿ ನುಡಿಸೋದಾ, ಹಾಡಿಕೊಂಡು ಕಲಿಯೋದಾ?

ಪ್ರಶ್ನೆ: ಗ್ಲಾಸ್ಗೋದಲ್ಲಿ ಸ್ಕಾಟಿಷ್ ಹೈಲ್ಯಾಂಡ್ ಪೈಪ್ ಕಲಿಯುತ್ತಿದ್ದೇನೆ. ಸದ್ಯ ಪ್ರಾಕ್ಟೀಸ್ ಚಾಂಟರ್ (ಚೀಲ ಇಲ್ಲದ ಅಭ್ಯಾಸದ ಕೊಳವೆ) ಮಾತ್ರ, ಆರು ತಿಂಗಳಾಯಿತು. ಕೊಳಲು ಸ್ವಲ್ಪ ಗೊತ್ತು. ಬ್ಯಾಂಡ್‌ನಲ್ಲಿ ಹೇಳಿಕೊಡುವವರು ಪುಸ್ತಕದಲ್ಲಿ ಇರುವ ಹಾಗೇ, ಮೆಟ್ರೋನೋಮ್‌ಗೆ ಸರಿಯಾಗಿ ಕೂರಬೇಕು ಅಂತಾರೆ. ಪಿಬ್ರಾಕ್ (ಪೈಪ್‌ನ ನಿಧಾನಗತಿಯ ದೊಡ್ಡ ರಚನೆ) ಹೇಳಿಕೊಡುವ ಇನ್ನೊಬ್ಬರು ಪುಸ್ತಕ ಮುಚ್ಚು, ಮೊದಲು ಹಾಡು ಅಂತಾರೆ. ಡಿ-ಥ್ರೋ (ಡಿ ಸ್ವರಕ್ಕೆ ಮುಂಚೆ ಹಾಕುವ ಪುಟ್ಟ ಸ್ವರಗಳ ಗುಂಪು) ಕೂಡ ಇಬ್ಬರದೂ ಬೇರೆ ಬೇರೆ. ಯಾರ ಮಾತು ಕೇಳಲಿ? ಗಮಕದ ರೂಢಿ ಇದಕ್ಕೆ ಅಡ್ಡಿಯಾ?

ಉತ್ತರ 1
ಡಿ-ಥ್ರೋ ಜಗಳ ಮೊದಲು ಮುಗಿಸಿಬಿಡೋಣ. ಹಗುರದ್ದು: ಕೆಳಗಿನ ಜಿ, ಡಿ ಗ್ರೇಸ್‌ನೋಟ್ (ಕ್ಷಣದಲ್ಲಿ ಬಂದು ಹೋಗುವ ಪುಟ್ಟ ಸ್ವರ), ಸಿ, ಆಮೇಲೆ ಡಿ. ಭಾರದ್ದು: ಕೆಳಗಿನ ಜಿ, ಡಿ ಗ್ರೇಸ್‌ನೋಟ್, ಮತ್ತೆ ಕೆಳಗಿನ ಜಿ, ಸಿ, ಆಮೇಲೆ ಡಿ. ನಡುವೆ ಇನ್ನೊಂದು ಜಿ ಇದೆಯೋ ಇಲ್ಲವೋ, ಅಷ್ಟೇ ವ್ಯತ್ಯಾಸ. ಎರಡೂ ಸರಿ. ಬ್ಯಾಂಡ್‌ನಲ್ಲಿ ಮಾತ್ರ ಪೈಪ್ ಮೇಜರ್ (ಬ್ಯಾಂಡ್‌ನ ಮುಖ್ಯಸ್ಥರು) ಹೇಳಿದ್ದೇ ಕೊನೆ. ಎಲ್ಲರೂ ಹಗುರದ್ದು ಹಾಕುವಾಗ ಇಬ್ಬರು ಭಾರದ್ದು ಹಾಕಿದರೂ ಆ ಡಿ ಒಂದೇ ಏಟಿಗೆ ಬೀಳಲ್ಲ, ಹರಡಿಕೊಳ್ಳುತ್ತೆ.

ಹೊಸಬರ ಕೈಯಲ್ಲಿ ಕೆಡೋದು ಮೊದಲ ಜಿ. ಕೆಳಗಿನ ಜಿ ಬರಬೇಕಾದರೆ ಎಂಟು ಬೆರಳು, ಹೆಬ್ಬೆರಳು ಎಲ್ಲಾ ಮುಚ್ಚಿರಬೇಕು. ಅವಸರದಲ್ಲಿ ಕಿರುಬೆರಳು ಪೂರ್ತಿ ಕೂರೋದೇ ಇಲ್ಲ, ಜಿ ಬದಲು ಕೆಳಗಿನ ಎ ಬಂದುಬಿಡುತ್ತೆ, ಥ್ರೋ ತೊದಲುತ್ತೆ. ಮೆಟ್ರೋನೋಮ್ 60ಕ್ಕೆ ಇಟ್ಟು ಒಂದು ಬೀಟ್‌ಗೆ ಒಂದೇ ಸ್ವರ ಹಾಕಿ ಬಿಡಿಸಿ ನುಡಿಸಿ. ಪ್ರತಿ ತುಂಡೂ ಬೇರೆಯಾಗಿ ಕೇಳಿದ ಮೇಲೆ ಒಂದು ಬೀಟ್‌ಗೆ ಎರಡು, ಆಮೇಲೆ ನಾಲ್ಕು. ಮೊದಲೇ ವೇಗಕ್ಕೆ ಹೋದರೆ ಆ ತೊದಲೇ ಕೈಗೆ ಕೂತುಬಿಡುತ್ತೆ. ಅದನ್ನ ಬಿಡಿಸೋದು ಹೊಸದಾಗಿ ಕಲಿಯೋದಕ್ಕಿಂತ ಕಷ್ಟ.

ಉತ್ತರ 2
ಗಮಕದ ಪ್ರಶ್ನೆಗೆ. ಈ ವಾದ್ಯದಲ್ಲಿ ಚೀಲದ ಗಾಳಿ ನಿಲ್ಲುವುದಿಲ್ಲ. ನಾಲಿಗೆಯಿಂದ ಸ್ವರ ಕತ್ತರಿಸಲು ಆಗದು, ಜೋರು ಮೆಲ್ಲಗೆ ಎಂಬುದೂ ಇಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಬೆರಳಿನ ಒಂದು ಏಟು ಬೇಕೇ ಬೇಕು. ಗ್ರೇಸ್‌ನೋಟ್ ಮಾಡುವ ಕೆಲಸ ವ್ಯಂಜನದ್ದು: ‘ಆಆ’ ಎಂಬುದನ್ನು ‘ತಾತಾ’ ಮಾಡುತ್ತದೆ. ಕೊಳಲಿನಲ್ಲಿ ರಂಧ್ರದ ಮೇಲೆ ಬೆರಳು ಹೊರಳಿಸುವ ರೂಢಿಯನ್ನು ಇಲ್ಲಿಗೆ ತರಬೇಡಿ. ಬೆರಳು ಪೂರ್ತಿ ಏಳಬೇಕು, ಪೂರ್ತಿ ಕೂರಬೇಕು.

ಕಿವಿ ಮಾತ್ರ ಬಹಳ ಉಪಯೋಗಕ್ಕೆ ಬರುತ್ತದೆ. ಚಾಂಟರ್‌ನಲ್ಲಿ ಇರುವುದು 9 ಸ್ವರ. ಕೆಳಗಿನ ಎ ಷಡ್ಜ ಎಂದುಕೊಳ್ಳಿ, ಹರಿಕಾಂಭೋಜಿಯ ಸ್ವರಗಳು ಸಿಗುತ್ತವೆ. ಷಡ್ಜದ ಕೆಳಗೆ ಒಂದು ಮಂದ್ರ ನಿಷಾದ. ಒಂದೇ ಸ್ವರ ಹಿಡಿದು ನಿಲ್ಲುವ ಕೊಳವೆಗಳಾದ ಡ್ರೋನ್‌ಗಳೂ ಅದೇ ಷಡ್ಜ: ಎರಡು ಟೆನರ್ ಒಂದು ಸ್ಥಾಯಿ ಕೆಳಗೆ, ಬೇಸ್ ಎರಡು ಸ್ಥಾಯಿ ಕೆಳಗೆ. ಮೇಲಿನ ಜಿ ಪಿಯಾನೋದ್ದಕ್ಕಿಂತ ತುಸು ಇಳಿದು ನಿಲ್ಲುತ್ತದೆ. ಡ್ರೋನ್ ಜೊತೆ ಅದೇ ಹಿತ.

ಕಷ್ಟ ಇರುವುದು ಒಂದು ಸ್ವರದಿಂದ ಇನ್ನೊಂದಕ್ಕೆ ದಾಟುವಾಗ. ಡಿಯಿಂದ ಇಗೆ ಹೋಗುವುದನ್ನೇ ನೋಡಿ. ಡಿಯಲ್ಲಿ ಮೇಲಿನ ಕೈ ಪೂರ್ತಿ ಮುಚ್ಚಿದೆ. ಕೆಳಗಿನ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಎದ್ದಿವೆ, ಕಿರುಬೆರಳು ಕೂತಿದೆ. ಇಗೆ ಬರಬೇಕಾದರೆ ಆ ಮೂರೂ ಕೂರಬೇಕು, ಕಿರುಬೆರಳು ಏಳಬೇಕು, ಮೇಲಿನ ಕೈಯ ಉಂಗುರಬೆರಳೂ ಏಳಬೇಕು. ಐದು ಬೆರಳು, ಒಂದೇ ಕ್ಷಣ. ಕೆಳಗಿನ ಕೈ ಮೊದಲು ಮುಗಿಸಿದರೆ ನಡುವೆ ಕೆಳಗಿನ ಎ ‘ಕುಯ್’ ಎಂದು ಇಣುಕುತ್ತದೆ. ಜಿ ಗ್ರೇಸ್‌ನೋಟ್ ಹಾಕಿದರೆ ಈ ಕೊಳೆ ಅದರಡಿ ಅಡಗಿಕೊಳ್ಳುತ್ತದೆ, ಆದ್ದರಿಂದ ಮೊದಲು ಗ್ರೇಸ್‌ನೋಟ್ ಇಲ್ಲದೆ ಡಿ-ಇ-ಡಿ-ಇ ಸಾಧನೆ ಮಾಡಿ.

ಉತ್ತರ 3
ನಿಮ್ಮ ಇಬ್ಬರು ಗುರುಗಳೂ ಬೇರೆ ಬೇರೆ ಸಂಗೀತ ಹೇಳಿಕೊಡ್ತಿದ್ದಾರೆ, ಅದಕ್ಕೇ ಗೊಂದಲ. ಪಿಬ್ರಾಕ್ ಅಂದ್ರೆ ನಿಧಾನಗತಿಯ ದೊಡ್ಡ ರಚನೆ: ಮೊದಲು ಉರ್ಲಾರ್ ಅನ್ನೋ ಮೂಲ ರಾಗ, ಆಮೇಲೆ ಹಂತ ಹಂತವಾಗಿ ತಾರ್ಲುವ, ಕ್ರುನ್ಲುವ ಅನ್ನೋ ಬೆರಳಿನ ಅಲಂಕಾರಗಳು, ಕೊನೆಗೆ ಮತ್ತೆ ಉರ್ಲಾರ್. ಇದನ್ನ ತಲೆಮಾರುಗಳ ಕಾಲ ಬಾಯಲ್ಲೇ ಕಲಿಸ್ತಿದ್ರು, ಕೌಂಟರಾಖ್ ಅನ್ನೋ ಉಚ್ಚಾರಗಳಲ್ಲಿ. ‘ದಾರಿದ್’ ಅಂದ್ರೆ ತಾರ್ಲುವ, ‘ಬಾಂದ್ರೆ’ ಅಂದ್ರೆ ಕ್ರುನ್ಲುವ. ಕೊನ್ನಕೋಲ್ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ, ಆದ್ರೆ ಇಲ್ಲಿ ಉಚ್ಚಾರದಲ್ಲಿ ಲಯದ ಜೊತೆ ಸ್ವರವೂ ಇರುತ್ತೆ. ಪೈಪರ್ ಕಾಲಿನ್ ಕ್ಯಾಂಬೆಲ್ 1797ರಲ್ಲೇ ಇದನ್ನ ಬರಹಕ್ಕೆ ಇಳಿಸಿದ್ದರು.

ಪುಸ್ತಕ ಯಾಕೆ ಸಾಲದು ಅಂದ್ರೆ: ಸಾಲಿನ ಶುರುವಿನಲ್ಲಿ ಜಿ-ಇ-ಡಿ ಅಂತ ಪುಟ್ಟ ಸ್ವರಗಳು ಬರ್ತವೆ. ಅಚ್ಚಿನಲ್ಲಿ ಪುಟ್ಟವು, ಈಗಿನ ಸ್ಪರ್ಧೆಗಳಲ್ಲಿ ಮಾತ್ರ ಇ ಉದ್ದಕ್ಕೆ ಎಳೆದು ನುಡಿಸ್ತಾರೆ. ಇದರಿಂದ ಗೇಲಿಕ್ ಹಾಡಿನ ನಡೆ ಮುರಿಯುತ್ತೆ ಅಂತ ಅಲನ್ ಮ್ಯಾಕ್‌ಡೊನಾಲ್ಡ್ ಥರದ ಪೈಪರ್‌ಗಳು ವಾದಿಸ್ತಾ ಬಂದಿದ್ದಾರೆ. ನನಗೂ ಅದೇ ಸರಿ ಅನ್ಸುತ್ತೆ. ಎರಡು ಸಾಲು ಕೈಯಲ್ಲಿ ತಾಳ ಹಾಕಿ ಹಾಡಿ, ಉಸಿರು ಎಲ್ಲಿ ನಿಲ್ಲುತ್ತೋ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಆಮೇಲೆ ಚಾಂಟರ್ ಹಿಡೀರಿ.

ಉತ್ತರ 4
ಮೇಲಿನವರ ಮಾತಿಗೆ ಅರ್ಧ ಒಪ್ಪಿಗೆ. ಹಳೆಯದೇ ಶುದ್ಧ ಅನ್ನೋ ವಾದ ಸಲೀಸಲ್ಲ. ಈಗಿನ ತಾರ್ಲುವ ಹೀಗೆ: ಕೆಳಗಿನ ಜಿ, ಡಿ ಗ್ರೇಸ್‌ನೋಟ್, ಕೆಳಗಿನ ಜಿ, ಇ ಗ್ರೇಸ್‌ನೋಟ್, ಕೆಳಗಿನ ಎ. ಪೈಪರ್ ಆಂಗಸ್ ಮ್ಯಾಕೇ 1838ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇ ಗ್ರೇಸ್‌ನೋಟ್‌ಗೆ ಮುಂಚೆ ಇನ್ನೊಂದು ಎ ಇದೆ. ಆ ಒಂದು ಸ್ವರಕ್ಕೆ ಕಿತ್ತಾಡಿದ್ದು ಒಂದಿಷ್ಟಲ್ಲ! 1903ರಲ್ಲಿ ಶುರುವಾದ ಪಿಬ್ರಾಕ್ ಸೊಸೈಟಿಯ ಪುಸ್ತಕಗಳಿಂದ ಪಾಠ ಏಕರೂಪ ಆಯ್ತು ಅನ್ನೋ ದೂರು ನಿಜ, ಆದರೆ ಅಂಥ ಪುಸ್ತಕಗಳಿಂದಲೇ ಎಷ್ಟೋ ರಚನೆ ಎಲ್ಲರ ಕೈಗೆ ಸಿಕ್ಕಿದ್ದೂ ನಿಜ.

ಮಾರ್ಚ್, ಸ್ಟ್ರಾತ್‌ಸ್ಪೇ, ರೀಲ್ ಅನ್ನೋ ನಡಿಗೆ-ಕುಣಿತದ ರಾಗಗಳಿಗೆ ಬೆರಳೇ ಮೊದಲು. ಸ್ಟ್ರಾತ್‌ಸ್ಪೇಯಲ್ಲಿ ಉದ್ದ ಸ್ವರ-ಗಿಡ್ಡ ಸ್ವರದ ಜೋಡಿಯನ್ನ 3ಕ್ಕೆ 1ರ ಲೆಕ್ಕದಲ್ಲಿ ಬರೆದಿರ್ತಾರೆ. ಸ್ಪರ್ಧೆಗೆ ನುಡಿಸುವವರು ಉದ್ದದ್ದನ್ನ ಇನ್ನೂ ಎಳೀತಾರೆ, ಗಿಡ್ಡದ್ದು ಚಿಟಿಕೆ ಹೊಡೆದ ಹಾಗೆ. ಕೆನಡಾದ ಕೇಪ್ ಬ್ರೆಟನ್‌ನಲ್ಲಿ ನೃತ್ಯಕ್ಕೆ ನುಡಿಸುವವರದ್ದು ಇದಕ್ಕಿಂತ ದುಂಡು, ಯಾಕಂದ್ರೆ ಕುಣಿಯುವವರ ಕಾಲಿಗೆ ಬೀಟ್ ಓಡ್ತಾ ಇರಬೇಕು. ಮೆಟ್ರೋನೋಮ್ ಬೀಟ್ ಎಲ್ಲಿದೆ ಅಂತಷ್ಟೇ ಹೇಳುತ್ತೆ, ಒಳಗಿನ ಎಳೆತ ಎಷ್ಟು ಅಂತ ಹೇಳಲ್ಲ. ಅದನ್ನ ಗುರುವಿನ ಬಾಯಿಂದ ಕೇಳಿ ಹಾಡಿಯೇ ಹಿಡೀಬೇಕು. ಹಾಗಾಗಿ ಬ್ಯಾಂಡ್ ಗುರುಗಳಿಗೂ ಒಂದು ಭಾಗ ಹಾಡಿ ತೋರಿಸಿ ಅಂತ ಕೇಳಿ.

ಉತ್ತರ 5
ಚೀಲಕ್ಕೆ ಅವಸರ ಬೇಡ. ಐದಾರು ರಾಗ ನೋಡದೆ, ನಿಲ್ಲದೆ, ತಪ್ಪಿಲ್ಲದೆ ಬರುವವರೆಗೂ ಚಾಂಟರ್ ಸಾಕು. ಚೀಲ ಬಂದ ದಿನ ಬೆರಳು ಮರೆತು ಒಂದೇ ಕೆಲಸ ಮಾಡಿ: ಎರಡು ಡ್ರೋನ್‌ಗೆ ಬಿರಡೆ ಹಾಕಿ, ಒಂದು ಟೆನರ್ ಬಿಟ್ಟುಕೊಂಡು ಕೆಳಗಿನ ಎ ಮೇಲೆ ಒಂದು ನಿಮಿಷ ನಿಲ್ಲಿ. ಉಸಿರು ಎಳೆದುಕೊಳ್ಳುವಾಗ ತೋಳು ಒತ್ತಬೇಕು, ಊದುವಾಗ ಬಿಡಬೇಕು. ಎರಡೂ ಒಟ್ಟಿಗೆ ಒತ್ತಿದರೆ ಸ್ವರ ಏರುತ್ತೆ, ಎರಡರ ನಡುವೆ ಸಂದು ಬಿಟ್ಟರೆ ಇಳಿಯುತ್ತೆ. ಒತ್ತಡ ಅಲುಗಿದರೆ ಡ್ರೋನ್‌ಗಿಂತ ಚಾಂಟರ್ ಹೆಚ್ಚು ಅಲುಗುತ್ತೆ, ಆಗ ಡ್ರೋನ್ ಶ್ರುತಿ ತಪ್ಪಿದೆ ಅಂತ ಅದನ್ನ ತಿರುಗಿಸೋಕೆ ಹೋಗಬೇಡಿ. ತೋಳು ಸರಿ ಮಾಡಿಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಊದುವಾಗ ಕಿವಿ ಮೋಸ ಮಾಡುತ್ತೆ.