ಸಹಾಯ ಬೇಕು: ನೀರಿನೊಳಗೆ ವಿದ್ಯುತ್ ಬಲ ಕಡಿಮೆಯಾಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಓದುತ್ತಿರುವ ಮಗಳಿಗೆ ಕೂಲಂಬ್ ನಿಯಮ (ಎರಡು ವಿದ್ಯುದಾವೇಶಗಳ ನಡುವಿನ ಬಲವನ್ನು ಲೆಕ್ಕಹಾಕುವ ನಿಯಮ) ಹೇಳಿಕೊಡಲು ಕುಳಿತ ನಾನೇ ಈಗ ಸಿಕ್ಕಿಹಾಕಿಕೊಂಡಿದ್ದೇನೆ. ತಲಾ 1 ಮೈಕ್ರೋಕೂಲಂಬ್ ಧನ ವಿದ್ಯುದಾವೇಶವಿರುವ ಎರಡು ಚಿಕ್ಕ ಗುಂಡುಗಳನ್ನು ಗಾಳಿಯಲ್ಲಿ 30 ಸೆಂಟಿಮೀಟರ್ ಅಂತರದಲ್ಲಿಟ್ಟರೆ ವಿಕರ್ಷಣ ಬಲ 0.1 ನ್ಯೂಟನ್, ಅಂದರೆ ಸುಮಾರು 10 ಗ್ರಾಂ ತೂಕದಷ್ಟು, ಬರುತ್ತದೆ, ಇಲ್ಲಿಯವರೆಗೆ ತೊಂದರೆಯಿಲ್ಲ. ಅವೇ ಗುಂಡುಗಳು ಶುದ್ಧ ನೀರಿನಲ್ಲಿದ್ದರೆ, ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಒಂದು ವಸ್ತು ತನ್ನೊಳಗಿನ ವಿದ್ಯುತ್ ಬಲವನ್ನು ಎಷ್ಟು ಪಟ್ಟು ತಗ್ಗಿಸುತ್ತದೆ ಎಂಬ ಸಂಖ್ಯೆ) ಸುಮಾರು 80 ಆಗಿರುವುದರಿಂದ, ಬಲ 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ಓದಿದೆವು. ಆದರೆ ಎರಡು ಆವೇಶಗಳ ನಡುವಿನ ಬಲ ಸುತ್ತಲಿನ ಬೇರೆ ಆವೇಶಗಳಿಂದ ಬದಲಾಗುವುದಿಲ್ಲ ಎನ್ನುತ್ತದೆ ಸೂಪರ್‌ಪೊಸಿಷನ್ ತತ್ತ್ವ. "ನೀರಿನ ಅಣುಗಳಲ್ಲಿರುವುದೂ ಆವೇಶಗಳೇ ಅಲ್ಲವೇ ಅಪ್ಪ, ಹಾಗಾದರೆ ಯಾವುದು ಸರಿ?" ಎಂದು ಮಗಳು ಕೇಳಿದಾಗ ನನ್ನ ಪೆನ್ನು ಅಲ್ಲಿಯೇ ನಿಂತಿತು.

ನೀರಿನ ಅಣುಗಳು ತಮ್ಮ ಋಣ ತುದಿಯನ್ನು ಗುಂಡಿನ ಕಡೆಗೆ ತಿರುಗಿಸಿ ನಿಲ್ಲುವುದರಿಂದ, ಗುಂಡುಗಳ ನಡುವಿನ ಮೂಲ ಬಲ ಹಾಗೆಯೇ ಉಳಿದು, ಅಣುಗಳ ಬಲವೂ ಸೇರಿದ ಒಟ್ಟು ಮೊತ್ತ ಮಾತ್ರ ಕುಗ್ಗುತ್ತದೆ ಎಂಬುದು ನನ್ನ ಊಹೆ. ಇದು ಸರಿಯೇ, ಸರಿಯಿದ್ದರೆ ಆ ಮೊತ್ತ 80ರಲ್ಲಿ ಒಂದು ಪಾಲೇ ಆಗುವುದು ಹೇಗೆ ಎಂಬುದನ್ನು ತಿಳಿದವರು ಪಿಯುಸಿ ಗಣಿತದ ಮಟ್ಟದಲ್ಲಿ, ಸಾಧ್ಯವಾದರೆ ಒಂದು ಚಿತ್ರದೊಂದಿಗೆ, ವಿವರಿಸಬೇಕೆಂದು ಕೋರುತ್ತೇನೆ.