ಫೋಟೊ ಪ್ರಿಂಟರ್ ಹೆಡ್ ಕಟ್ಟಿಕೊಂಡಿದೆ, ಮುಖವೆಲ್ಲ ಕೆಂಪಗೆ ಬರುತ್ತಿದೆ, ಏನು ಮಾಡೋದು?

ಸಿಂಧನೂರಿನಿಂದ ಕೇಳಿದ್ದು:

ನಮ್ಮದು ಸಣ್ಣ ಸ್ಟುಡಿಯೊ. ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ, ತಗೊಂಡು 3 ವರ್ಷ ಆಯಿತು. ಆಷಾಢದಲ್ಲಿ ಮದುವೆ ಕೆಲಸ ಇರಲಿಲ್ಲ, ಅದೇ ಹೊತ್ತಿಗೆ ಅಂಗಡಿಯನ್ನೂ ಪಕ್ಕದ ಬೀದಿಗೆ ಬದಲಾಯಿಸಿದೆವು, ಹಾಗಾಗಿ 20 ದಿನ ಪ್ರಿಂಟರ್ ಆನ್ ಮಾಡಲೇ ಇಲ್ಲ. ಈಗ ಲೈಟ್ ಸಯಾನ್ (ತಿಳಿ ನೀಲಿ) ಅರ್ಧಂಬರ್ಧ ಬರುತ್ತಿದೆ. ಪಾಸ್‌ಪೋರ್ಟ್ ಫೋಟೊ ತೆಗೆದರೆ ಮುಖ ಕೆಂಪು. ಹೆಡ್ (ಕಾಗದದ ಮೇಲೆ ಇಂಕ್ ಸಿಂಪಡಿಸುವ ಭಾಗ) ಕ್ಲೀನಿಂಗ್ 8 ಸಲ ಕೊಟ್ಟೆ, ಪರೀಕ್ಷೆಯ ಹಾಳೆಯಲ್ಲಿ ತುಂಡಾದ ಗೆರೆ ಕೂಡಲಿಲ್ಲ, ಮೇಲಾಗಿ ಮೊದಲು ಚೆನ್ನಾಗಿದ್ದ ಹಳದಿಯಲ್ಲೂ ಈಗ ಗೆರೆ ಹೋಗುತ್ತಿದೆ. ರಿಪೇರಿಯವರು ಹೆಡ್ ಹೋಗಿದೆ, ಹೊಸದು ಹಾಕಬೇಕು ಅಂತಾರೆ. ಅಷ್ಟು ದುಡ್ಡು ಈಗ ಕೈಯಲ್ಲಿಲ್ಲ. ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಕೊಪ್ಪಳದಿಂದ:

ಅಣ್ಣ, ಮೊದಲು ಆ ಕ್ಲೀನಿಂಗ್ ನಿಲ್ಲಿಸಿ. ಕ್ಲೀನಿಂಗ್ ಅಂದರೆ ಒಳಗಿನ ಪಂಪ್ ಹೆಡ್‌ನಿಂದ ಇಂಕ್ ಎಳೆದು ವೇಸ್ಟ್ ಪ್ಯಾಡ್‌ಗೆ ಸುರಿಯೋದು, ಅಷ್ಟೇ. ಮೂರು ಸಲಕ್ಕೆ ಸರಿಹೋಗದಿದ್ದರೆ ನಾಲ್ಕನೇ ಸಲಕ್ಕೂ ಹೋಗೋದು ಕಷ್ಟ. ಪ್ರಿಂಟರ್ ಆಫ್ ಮಾಡಿ ಒಂದು ರಾತ್ರಿ ಪೂರ್ತಿ ಹಾಗೇ ಬಿಡಿ. ಗಾಳಿ ಗುಳ್ಳೆ ಇದ್ದರೆ ಮೇಲೆ ಬರುತ್ತದೆ, ಒಣಗಿದ ಇಂಕ್ ಇದ್ದರೆ ಸ್ವಲ್ಪ ನೆನೆಯುತ್ತದೆ.

ನಿಮ್ಮ ಮಾತಿನಲ್ಲಿ ನನಗೆ ಅನುಮಾನ ಬಂದಿದ್ದು ಹಳದಿಯ ವಿಷಯ. ಒಣಗಿ ಕಟ್ಟಿಕೊಂಡ ನಾಜಲ್ (ಹೆಡ್‌ನಲ್ಲಿ ಇಂಕ್ ಹೊರಬರೋ ಸಣ್ಣ ತೂತು) ಕ್ಲೀನಿಂಗ್ ಮಾಡಿದಷ್ಟೂ ಬೇರೆ ಬಣ್ಣಕ್ಕೆ ಹಬ್ಬೋದಿಲ್ಲ. ಬೆಳಗ್ಗೆ ಎರಡು ನಾಜಲ್ ಚೆಕ್ (ಎಲ್ಲ ಬಣ್ಣದ ಗೆರೆಗಳಿರೋ ಪರೀಕ್ಷೆ ಹಾಳೆ) ತೆಗೆದು ಒಂದರ ಪಕ್ಕ ಒಂದು ಇಟ್ಟು ನೋಡಿ. ಎರಡರಲ್ಲೂ ಅದೇ ಜಾಗದಲ್ಲಿ ಗೆರೆ ಹೋಗಿದ್ದರೆ ಕಟ್ಟಿಕೊಂಡಿದೆ ಅಂತ ಅರ್ಥ. ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಹೋಗಿದ್ದರೆ ಗಾಳಿ ಸೇರಿದೆ, ಇಲ್ಲ ಇಂಕ್ ಸರಿಯಾಗಿ ಹರಿಯುತ್ತಿಲ್ಲ. ಮುಚ್ಚಳ ಎತ್ತಿದರೆ ಟ್ಯಾಂಕ್‌ನಿಂದ ಹೆಡ್‌ಗೆ ಇಂಕ್ ಒಯ್ಯೋ ಟ್ಯೂಬ್ ಕಾಣುತ್ತದಲ್ವಾ, ಬಣ್ಣದ ನಡುವೆ ಖಾಲಿ ತುಂಡುಗಳು ಕಂಡರೂ ಅದು ಗಾಳಿಯೇ.

ಅಂಗಡಿ ಬದಲಾಯಿಸಿದೆವು ಅಂದಿರಿ. ಕೆಲವು ಮಾಡೆಲ್‌ಗಳಲ್ಲಿ ಟ್ಯಾಂಕ್ ಪಕ್ಕ ಒಂದು ಸಣ್ಣ ತಿರುಗಣೆ ಇರುತ್ತದೆ, ಸಾಗಿಸುವಾಗ ಇಂಕ್ ಚೆಲ್ಲದಂತೆ ಬಂದ್ ಮಾಡೋ ಲಾಕ್. ಅದನ್ನು ವಾಪಸ್ ಪ್ರಿಂಟ್ ಕಡೆಗೆ ತಿರುಗಿಸಿದ್ದೀರಾ? ಅದು ಬಂದ್ ಇದ್ದರೆ ಟ್ಯೂಬ್‌ನಲ್ಲಿ ಉಳಿದಷ್ಟು ಇಂಕ್ ಮಾತ್ರ ಬರುತ್ತದೆ, ಆಮೇಲೆ ಒಂದೊಂದೇ ಬಣ್ಣ ಹೋಗುತ್ತದೆ. ಫೋಟೊದಲ್ಲಿ ಲೈಟ್ ಬಣ್ಣಗಳೇ ಜಾಸ್ತಿ ಖರ್ಚಾಗೋದು, ಹಾಗಾಗಿ ಮೊದಲು ಅವೇ ಹೋಗುತ್ತವೆ. ಎಲ್ಲಕ್ಕಿಂತ ಮೊದಲು ಇದನ್ನು ನೋಡಿ.

ನಿಜವಾಗಿ ಕಟ್ಟಿಕೊಂಡಿದ್ದರೆ ಏನು ಅಂತ ನನ್ನದೇ ಹೇಳುತ್ತೇನೆ. ಗವಿಮಠದ ಜಾತ್ರೆಯಲ್ಲಿ ಸ್ಥಳದಲ್ಲೇ ಫೋಟೊ ತೆಗೆದುಕೊಡೋ ಸ್ಟಾಲ್ ಹಾಕಿದ್ದೆವು. ರಾತ್ರಿ ಪ್ರಿಂಟ್ ನಡೆಯುತ್ತಿದ್ದಾಗಲೇ ಜನರೇಟರ್ ನಿಂತಿತು. ಹೆಡ್ ನಡುದಾರಿಯಲ್ಲೇ ನಿಂತಿದ್ದನ್ನು ಯಾರೂ ನೋಡಲಿಲ್ಲ, ಮೇಲೆ ಟವೆಲ್ ಹೊದಿಸಿ ಮಲಗಿಬಿಟ್ಟೆವು. ಕೆಲಸ ಮುಗಿದ ಮೇಲೆ ಹೆಡ್ ಬಲಗಡೆ ಮೂಲೆಗೆ ಹೋಗಿ ರಬ್ಬರ್ ಕ್ಯಾಪ್ ಮೇಲೆ ಕೂರಬೇಕು, ಆ ಕ್ಯಾಪೇ ಅದನ್ನು ಒಣಗದಂತೆ ಕಾಯೋದು. ಜಾತ್ರೆ ಧೂಳು ಬೇರೆ. ಬೆಳಗ್ಗೆ ಮೆಜೆಂಟಾ (ಗುಲಾಬಿ ಕೆಂಪು) ಪೂರ್ತಿ ಇಲ್ಲ, ಮುಖಗಳೆಲ್ಲ ಹಸಿರು ಹಸಿರು.

ಅವತ್ತು ನಾನು ಹೆಡ್ ಮುಟ್ಟಲಿಲ್ಲ, ಮೊದಲು ಕ್ಯಾಪ್ ನೋಡಿದೆ. ಸುತ್ತಲಿನ ರಬ್ಬರ್ ಅಂಚಿನಲ್ಲಿ ಒಣಗಿದ ಇಂಕ್, ಪಕ್ಕದಲ್ಲಿ ಹೆಡ್ ಒರೆಸೋ ವೈಪರ್‌ನಲ್ಲಿ ಒಂದು ಕೂದಲು. ಅಂಚು ಸರಿಯಾಗಿ ಕೂರದಿದ್ದರೆ ಪಂಪ್ ಇಂಕ್ ಬದಲು ಗಾಳಿ ಎಳೆಯುತ್ತದೆ, ಎಷ್ಟು ಕ್ಲೀನಿಂಗ್ ಕೊಟ್ಟರೂ ವ್ಯರ್ಥ. ಇಯರ್ ಬಡ್‌ಗೆ ಡಿಸ್ಟಿಲ್ಡ್ ವಾಟರ್ ಅದ್ದಿ ನಿಧಾನಕ್ಕೆ ಒರೆಸಿದೆ, ಕ್ಯಾಪ್ ಒಳಗಿನ ಸ್ಪಂಜಿಗೆ ಉಗುರು ಬೆಚ್ಚಗಿನ ಅದೇ ನೀರು ನಾಲ್ಕು ಹನಿ ಹಾಕಿದೆ. ಆಮೇಲೆ ನೂಲು ಬಿಡದ ಬಟ್ಟೆಯನ್ನು ಪಟ್ಟಿಯಾಗಿ ಮಡಚಿ, ಒದ್ದೆ ಮಾಡಿ ಹಿಂಡಿ, ಪ್ಲಗ್ ತೆಗೆದು, ಹೆಡ್ ಕೆಳಗೆ ಸೇರಿಸಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಬಟ್ಟೆ ತುಂಬ ಬಣ್ಣ ಬಿಟ್ಟಿತ್ತು. ಒಂದೇ ದಿನಕ್ಕೆ ಸರಿಹೋಗಲಿಲ್ಲ, ಮೂರನೇ ದಿನ ಒಂದು ಕ್ಲೀನಿಂಗ್ ಕೊಟ್ಟಾಗ ಗೆರೆ ಪೂರ್ತಿ ಬಂತು. ಅದೇ ಹೆಡ್ ಇವತ್ತಿಗೂ ನಡೆಯುತ್ತಿದೆ. ಅದಕ್ಕೇ ಹೇಳೋದು, ಹೆಡ್ ಹೋಗಿದೆ ಅನ್ನೋ ಮಾತನ್ನು ಇಷ್ಟೆಲ್ಲ ನೋಡೋವರೆಗೆ ಒಪ್ಪಬೇಡಿ.

ರಾಯಚೂರಿನಿಂದ:

ನಾನು ಪ್ರಿಂಟರ್ ರಿಪೇರಿ ಮಾಡುವವನು. ಮೇಲಿನವರು ಹೇಳಿದ್ದು ಸರಿಯಾಗಿದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ವಿಡಿಯೊ ನೋಡಿ ಸಿರಿಂಜ್‌ನಿಂದ ಜೋರಾಗಿ ನೀರು ಹೊಡೆಯಬೇಡಿ. ಎಪ್ಸನ್‌ನಂತಹ ಪೀಜೋ ಹೆಡ್‌ನಲ್ಲಿ (ಕರೆಂಟ್‌ಗೆ ಅದುರಿ ಇಂಕ್ ತಳ್ಳುವ ಹೆಡ್) ನಾಜಲ್ ಹಿಂದೆ ತುಂಬಾ ತೆಳುವಾದ ಪದರ ಇರುತ್ತದೆ, ಒತ್ತಡಕ್ಕೆ ಅದು ಹರಿದರೆ ಬಣ್ಣಗಳು ಒಂದಕ್ಕೊಂದು ಬೆರೆಯುತ್ತವೆ, ಆಮೇಲೆ ಏನೂ ಮಾಡಲು ಆಗೋದಿಲ್ಲ. ನೀರು ಪಕ್ಕದ ಪಟ್ಟಿ ಕೇಬಲ್‌ಗೆ ತಾಗಿದ ಮೇಲೆ ಕರೆಂಟ್ ಕೊಟ್ಟರೆ ಹೆಡ್ ಜೊತೆ ಬೋರ್ಡ್ ಕೂಡ ಸುಡುತ್ತದೆ. ನನ್ನ ಹತ್ತಿರ ಬರುವ ಸತ್ತ ಹೆಡ್‌ಗಳಲ್ಲಿ ಹೀಗೆ ಮನೆಯಲ್ಲಿ ನೀರು ಹೊಡೆಸಿಕೊಂಡವೇ ಜಾಸ್ತಿ. ಕಾರ್ಟ್ರಿಜ್‌ನಲ್ಲೇ ಹೆಡ್ ಇರುವ ಪ್ರಿಂಟರ್ ಆದರೆ ಕಾರ್ಟ್ರಿಜ್ ಬದಲಾಯಿಸಿದರೆ ಹೆಡ್ಡೇ ಹೊಸದಾಗುತ್ತದೆ, ಆ ಮಾತು ಬೇರೆ.

ಟ್ಯೂಬ್‌ನಲ್ಲಿ ಗಾಳಿ ತುಂಬಾ ಇದ್ದರೆ ಕೊನೆಗೆ ಪವರ್ ಇಂಕ್ ಫ್ಲಶಿಂಗ್ ಒಂದು ಸಲ ಕೊಡಬಹುದು. ಅದು ಟ್ಯೂಬಿನ ಇಂಕ್ ಪೂರ್ತಿ ಬದಲಾಯಿಸುತ್ತದೆ, ಹಾಗಾಗಿ ಎಲ್ಲ ಟ್ಯಾಂಕ್‌ಗಳೂ ಮೂರನೇ ಒಂದು ಭಾಗವಾದರೂ ತುಂಬಿರಬೇಕು. ಕಡಿಮೆ ಇದ್ದಾಗ ಕೊಟ್ಟರೆ ಹೆಡ್‌ಗೇ ಪೆಟ್ಟು.

ಬಳ್ಳಾರಿಯಿಂದ:

ನಮ್ಮದು ಡಿಟಿಪಿ ಅಂಗಡಿ, ಮುಂದಿನ ರಸ್ತೆಯಲ್ಲಿ ದಿನವಿಡೀ ಅದಿರಿನ ಲಾರಿ. ನೀರಿನ ಬಗ್ಗೆ ಮಾತ್ರ ಹೇಳುತ್ತೇನೆ, ಬೋರ್‌ವೆಲ್ ನೀರು ಹಚ್ಚಲೇಬೇಡಿ, ನಮ್ಮ ಕಡೆಯ ನೀರಿನ ಉಪ್ಪು ಒಣಗಿದರೆ ಅದೇ ಇನ್ನೊಂದು ಅಡ್ಡಿ. ಡಿಸ್ಟಿಲ್ಡ್ ವಾಟರ್ ಸಿಗದಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಬ್ಯಾಟರಿ ವಾಟರ್ ಅಂತ ಕೇಳಿ, ಆಸಿಡ್ ಅಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಳ್ಳಿ.

ಪ್ರಿಂಟರ್ ಅನ್ನು ಅದರ ಬಟನ್‌ನಿಂದಲೇ ಆಫ್ ಮಾಡಿ, ಗೋಡೆಯ ಸ್ವಿಚ್‌ನಿಂದ ಬೇಡ. ಏಪ್ರಿಲ್, ಮೇ ಬಿಸಿಲಲ್ಲಿ ಇಂಕ್ ಬೇಗ ಒಣಗುತ್ತದೆ, ಫ್ಯಾನ್ ಕೆಳಗೆ ಇಡಬೇಡಿ. ಕೆಲಸ ಇರಲಿ ಬಿಡಲಿ, ಎರಡು ಮೂರು ದಿನಕ್ಕೊಮ್ಮೆ ಆರೂ ಬಣ್ಣ ಇರುವ ಸಣ್ಣ ಚಿತ್ರ ಒಂದನ್ನು ತೆಗೆಯಿರಿ. ಡೈ ಇಂಕ್ (ಬಣ್ಣ ಪೂರ್ತಿ ಕರಗಿರುವ ಇಂಕ್) ಪ್ರಿಂಟರ್‌ಗೆ ಪಿಗ್ಮೆಂಟ್ ಇಂಕ್ (ಬಣ್ಣದ ಸಣ್ಣ ಕಣಗಳಿರುವ ಇಂಕ್) ಸುರಿಯಬೇಡಿ, ಅಗ್ಗಕ್ಕೆ ಸಿಕ್ಕಿತು ಅಂತ ನಾವು ಒಮ್ಮೆ ಹಾಕಿ ಒಂದು ಹೆಡ್ ಕಳೆದುಕೊಂಡೆವು.

ಸಿಂಧನೂರಿನಿಂದ ಮತ್ತೆ:

ಕೊಪ್ಪಳದ ಅಣ್ಣ ಹೇಳಿದಂತೆ ನೋಡಿದೆ, ಲಾಕ್ ಬಂದ್ ಆಗಿಯೇ ಇತ್ತು. ಸಾಗಿಸುವಾಗ ತಮ್ಮ ತಿರುಗಿಸಿದ್ದ, ನನಗೆ ಗೊತ್ತಿರಲಿಲ್ಲ. ತೆರೆದು ರಾತ್ರಿ ಪೂರ್ತಿ ಬಿಟ್ಟೆ, ಬೆಳಗ್ಗೆ ಒಂದೇ ಕ್ಲೀನಿಂಗ್‌ಗೆ ಹಳದಿ ಪೂರ್ತಿ ಬಂತು. ಲೈಟ್ ಸಯಾನ್‌ನಲ್ಲಿ ಮಾತ್ರ ಇನ್ನೂ ಮೂರು ಗೆರೆ ಅದೇ ಜಾಗದಲ್ಲಿ ಇಲ್ಲ, ಅಂದರೆ ಅಷ್ಟು ನಿಜವಾಗಿ ಒಣಗಿದೆ. ಕ್ಯಾಪ್ ಒರೆಸಿದ್ದೇನೆ, ಇವತ್ತು ರಾತ್ರಿ ಒದ್ದೆ ಬಟ್ಟೆ ಇಡುತ್ತೇನೆ. ಹೆಡ್ ಬದಲಾಯಿಸಬೇಡಿ ಅಂತ ರಿಪೇರಿಯವರಿಗೆ ಫೋನ್ ಮಾಡಿ ಹೇಳಿದೆ.