ಮೇಲಿನ ಕೆರೆ ಏರಿ: ‘ಕಡಿಮೆ ಅಪಾಯ’ ಅಂದರೆ ಏನು? ದಯವಿಟ್ಟು ಎಲ್ಲರೂ ಓದಿ

ಮನೆ 14: ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ವಾಕಿಂಗ್ ಹೋದಾಗ ಮೇಲಿನ ಖಾಸಗಿ ಕೆರೆಯ ಏರಿ ನೋಡಿದೆ. ಬುಡದಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ನೀರು ಜಿನುಗುತ್ತಿದೆ. ಸುತ್ತ ಹುಲ್ಲು ಒಣಗಿದ್ದರೂ ಅಲ್ಲಿ ಮಾತ್ರ ಹಚ್ಚಗಿದೆ. ಮೀನು ಹೊರಗೆ ಹೋಗದಿರಲಿ ಅಂತ ಕೋಡಿಗೆ ತಂತಿ ಬಲೆ ಕಟ್ಟಿದ್ದಾರೆ. ಬಲೆ ತುಂಬ ಎಲೆ, ಕಡ್ಡಿ ಸಿಕ್ಕಿಕೊಂಡಿದೆ.

ಮನೆ 22: ಗಾಬರಿ ಬೇಡ ಸರ್. ಮಾಲೀಕರನ್ನು ವಿಚಾರಿಸಿದೆ. ದಾಖಲೆಯಲ್ಲಿ ಏರಿಗೆ ‘ಕಡಿಮೆ ಅಪಾಯ’ದ ದರ್ಜೆ ಅಂತಲೇ ಇದೆಯಂತೆ.

ಮನೆ 31: ನಾನು ಮಣ್ಣಿನ ಕಾಮಗಾರಿಯಲ್ಲೇ ಕೆಲಸ ಮಾಡಿದವಳು, ಅದಕ್ಕೇ ಹೇಳುತ್ತೇನೆ. ಆ ದರ್ಜೆ ನೋಡಿ ಏರಿ ಗಟ್ಟಿಯಾಗಿದೆ ಅಂದುಕೊಳ್ಳಬೇಡಿ. ಏರಿ ಒಡೆದರೆ ಕೆಳಗಿರುವವರ ಗತಿ ಏನು ಅನ್ನುವುದಷ್ಟೇ ಅದರ ಲೆಕ್ಕ. ಕೆಳಗೆ ಬರೀ ಹೊಲ ಇದ್ದರೆ ಕಡಿಮೆ ದರ್ಜೆ. ಜೀವ ಹೋಗುವ ಹಾಗಿದ್ದರೆ ಹೆಚ್ಚಿನ ದರ್ಜೆ. ಅದನ್ನು ಬರೆದಾಗ ಇಲ್ಲಿ ಹೊಲವಿತ್ತು, ಈಗ ನಮ್ಮ ಮನೆಗಳಿವೆ. ಏರಿಯ ಒಂದು ಹಿಡಿ ಮಣ್ಣೂ ಕದಲಿಲ್ಲ, ಆದರೂ ದರ್ಜೆ ಬದಲಾಗಲೇಬೇಕು. ಮೇಲಿನ ದರ್ಜೆಗೆ ಹೋದರೆ ಸಾಮಾನ್ಯವಾಗಿ ತಪಾಸಣೆ ಜಾಸ್ತಿ ಆಗುತ್ತದೆ, ಕೋಡಿ ಇನ್ನೂ ದೊಡ್ಡ ಮಳೆಯ ನೀರನ್ನೂ ಹೊರಗೆ ಬಿಡುವಂತಿರಬೇಕಾಗುತ್ತದೆ, ತುರ್ತು ಯೋಜನೆಯೂ ಬೇಕಾಗುತ್ತದೆ.

ಮನೆ 9: ಇಷ್ಟು ಚಿಕ್ಕ ಕೆರೆಯಿಂದ ಅಷ್ಟೆಲ್ಲ ಆಗುತ್ತದಾ ಅಕ್ಕ?

ಮನೆ 31: ಆಗುತ್ತದಪ್ಪ. ಒಂದು ಘನ ಮೀಟರ್ ನೀರೇ ಒಂದು ಟನ್ ತೂಗುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಅಂತ ಒಂದು ಮಣ್ಣಿನ ಕಟ್ಟೆ ಇತ್ತು, ಎತ್ತರ ಸುಮಾರು 12 ಮೀಟರ್ ಅಷ್ಟೇ. 1977ರ ನವೆಂಬರ್‌ನಲ್ಲಿ ನಡುರಾತ್ರಿ ಕಳೆದ ಮೇಲೆ ಒಡೆಯಿತು, 39 ಜನ ಸತ್ತರು. ಕೀನ್ಯಾದ ಸೊಲಾಯ್‌ನಲ್ಲಿ 2018ರಲ್ಲಿ ಒಡೆದದ್ದೂ ಖಾಸಗಿ ತೋಟದ ಕಟ್ಟೆಯೇ. ಅಲ್ಲಿ 40ಕ್ಕೂ ಹೆಚ್ಚು ಜನ ಹೋದರು. ಆ ಮೀನಿನ ಬಲೆ ಅಂದಾಗ ನನಗೆ ಎದೆ ಝಲ್ಲೆಂದಿತು. 1889ರಲ್ಲಿ ಅಮೆರಿಕದ ಜಾನ್ಸ್‌ಟೌನ್ ಊರನ್ನು ಕೊಚ್ಚಿಕೊಂಡು ಹೋದ ಸೌತ್ ಫೋರ್ಕ್ ಅಣೆಕಟ್ಟಿನ ಕೋಡಿಗೂ ಮೀನಿಗಾಗಿಯೇ ಜಾಲರಿ ಹಾಕಿದ್ದರು, ಅದರಲ್ಲಿ ಕಸ ಕಟ್ಟಿಕೊಂಡಿತ್ತು. ಕೋಡಿ ಹರಿಯದಿದ್ದರೆ ನೀರು ಏರಿಯ ಮೇಲೇ ಹತ್ತುತ್ತದೆ. ಮಣ್ಣು ಅದನ್ನು ತಾಳುವುದಿಲ್ಲ.

ಮನೆ 9: ಜಿನುಗುವ ಜಾಗಕ್ಕೆ ಸಿಮೆಂಟ್ ಮೆತ್ತಿಬಿಟ್ಟರೆ?

ಮನೆ 31: ಬೇಡವೇ ಬೇಡ! ದಾರಿ ಮುಚ್ಚಿದರೆ ಒಳಗೆ ಒತ್ತಡ ಜಾಸ್ತಿಯಾಗುತ್ತದೆ. ನೀರು ಹೊರಗೆ ಬರಬೇಕು, ಮಣ್ಣು ಬರಬಾರದು. ಅದಕ್ಕೆ ಮರಳು, ಜಲ್ಲಿಯನ್ನು ಪದರ ಪದರವಾಗಿ ಹಾಕುತ್ತಾರೆ. ಅದು ತಿಳಿದವರೇ ಮಾಡಬೇಕಾದ ಕೆಲಸ. ನಾವು ನೋಡಬೇಕಾದದ್ದು ನೀರಿನ ಬಣ್ಣ. ಕೆಂಪಗೆ, ಕದಡಿದ ಹಾಗೆ ಬಂದರೆ ಒಳಗಿನಿಂದ ಮಣ್ಣು ಕೊರೆದುಕೊಂಡು ಬರುತ್ತಿದೆ ಅಂತ ಅರ್ಥ. ಆಗ ಒಂದು ಕ್ಷಣವೂ ಕಾಯದೆ ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋಗಿ.

ಮನೆ 22: ತಪ್ಪು ತಿಳಿದುಕೊಂಡಿದ್ದೆ ಮೇಡಂ. ಬಲೆ ತೆಗೆಸಲು ಇವತ್ತೇ ಮಾಲೀಕರ ಜೊತೆ ಮಾತಾಡುತ್ತೇನೆ. ದರ್ಜೆ ಮರುಪರಿಶೀಲನೆಗೆ ಅರ್ಜಿಯನ್ನೂ ಬರೆಯುತ್ತೇನೆ.

ಮನೆ 14: ಭಾನುವಾರ ಬೆಳಿಗ್ಗೆ 7ಕ್ಕೆ ಹಳ್ಳದ ಹತ್ತಿರ ಸೇರೋಣ. ಹಳ್ಳದ ಎರಡೂ ದಡದಲ್ಲಿ ಎಷ್ಟು ಮನೆ, ಎಷ್ಟು ಜನ, ನಡೆಯಲಾಗದ ಹಿರಿಯರು ಎಲ್ಲೆಲ್ಲಿದ್ದಾರೆ, ಎಲ್ಲ ಎಣಿಸಿ ಅರ್ಜಿಗೆ ಸೇರಿಸೋಣ. ಜಿನುಗು ನೀರನ್ನು ಈಗಷ್ಟೇ ಗಾಜಿನ ಬಾಟಲಿಯಲ್ಲಿ ಹಿಡಿದು ತಂದೆ. ಸದ್ಯಕ್ಕೆ ತಿಳಿಯಾಗಿದೆ. ಸಂಜೆ ಮತ್ತೆ ಹಿಡಿದು ಫೋಟೋ ಹಾಕುತ್ತೇನೆ.